ಅಮ್ಮನ ಜೊತೆ ಮಾತಾಡುವ ಕೋಣೆ

“ಯಾವ ವಾದ್ಯ ಮೇಡಂ?” ಬ್ಯಾಂಕಿನ ಸಾಲದ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ.

“ವಾದ್ಯ ಅಲ್ಲ ಸರ್. ಅಮ್ಮ.”

ಅಧಿಕಾರಿ ಈಗ ಕಣ್ಣೆತ್ತಿದ. ಶಬ್ದ ಹೊರಗೆ ಹೋಗದಂಥ ಕೋಣೆಯನ್ನು ಮನೆಯೊಳಗೆ ಕೂರಿಸಿಕೊಳ್ಳಲು ಸಾಲ ಕೇಳುವವರು ಪಿಯಾನೋದವರು, ಇಲ್ಲವೇ ಡ್ರಮ್ಮಿನವರು. ಕಂಪ್ಯೂಟರಿನಲ್ಲಿ ಅವರಿಗೆಲ್ಲ ಒಂದೊಂದು ಜಾಗವಿತ್ತು. ಅಮ್ಮನಿಗೆ ಇರಲಿಲ್ಲ.

ಎದುರು ಕೂತಿದ್ದವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನವಳು. ಪರದೇಶದಿಂದ ಬಂದು ಹನ್ನೆರಡು ವರ್ಷವಾಗಿತ್ತು. ಈ ಊರಿನ ಅರ್ಧದಷ್ಟು ಮುದುಕರು ಅಗಿಯುವುದು ಅವಳ ಕೈಯಿಂದ ಬಂದ ಹಲ್ಲಿನಲ್ಲೇ. ಅವಳ ಹಲ್ಲಿನ ಮೇಲೆ ಊರಿಗೆ ಭಾರಿ ನಂಬಿಕೆ. ಅವಳ ಮೇಲೆ ಎಷ್ಟು ಎನ್ನುವುದನ್ನು ಬ್ಯಾಂಕು ಹೇಳಬೇಕಿತ್ತು.

“ಅಮ್ಮನಿಗೆ ಕಿವಿ ಮಂದ ಸರ್. ನಮ್ಮೂರಲ್ಲಿ ಅಣ್ಣನ ಮನೇಲಿದಾರೆ. ದಿನಾ ಫೋನ್ ಮಾಡ್ತೀನಿ. ಗಂಟಲು ಹರ್ಕೊಂಡ್ರೇನೇ ಅವ್ರಿಗೆ ಕೇಳ್ಸೋದು. ಇನ್ನೊಂದು ದೂರು ಬಂದ್ರೆ ಮನೆ ಖಾಲಿ ಮಾಡು ಅಂದಿದಾರೆ ಓನರ್ರು.”

“ಕಿವಿಗೆ ಮೆಷಿನ್ ಕೊಡ್ಸಿ. ಕೋಣೆಗಿಂತ ಅಗ್ಗ.”

“ಕೊಡ್ಸಿದೀನಿ. ಅದೆಲ್ಲ ವಯಸ್ಸಾದೋರಿಗೆ ಅಂತ ಡಬ್ಬೀಲಿ ಇಟ್ಟಿದಾರೆ. ಅವ್ರಿಗಿನ್ನೂ ಎಂಬತ್ತೊಂದು.”

“ಮೆಸೇಜ್ ಹಾಕಬಹುದಲ್ಲ?”

“ಮೆಸೇಜಲ್ಲಿ ಬೈಸ್ಕೊಂಡ್ರೆ ಬೈಸ್ಕೊಂಡ ಹಾಗಿರಲ್ಲ ಸರ್.”

ಅಧಿಕಾರಿ ನಿಟ್ಟುಸಿರು ಬಿಟ್ಟು ಮುಖ್ಯ ವಿಷಯಕ್ಕೆ ಬಂದ. “ಸಾಲ ಐದು ವರ್ಷಕ್ಕೆ. ಈ ದೇಶದಲ್ಲಿರೋಕೆ ನಿಮ್ಮ ಪರ್ಮಿಟ್ ಇರೋದು ಒಂದು ವರ್ಷಕ್ಕೆ.”

“ಪ್ರತಿ ವರ್ಷ ಮುಂದುವರಿಸ್ತಾರೆ. ಹನ್ನೆರಡು ವರ್ಷದಿಂದ.”

“ನಾನೂ ಅದನ್ನೇ ಹೇಳ್ತಿರೋದು ಮೇಡಂ. ಹನ್ನೆರಡು ವರ್ಷದಿಂದ ನೀವು ಹೊರಡೋಕೆ ರೆಡಿಯಾಗಿ ಕೂತಿದೀರಿ.”

ಲೆಕ್ಕಾಚಾರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವಳಿಗೆ ಸಿಟ್ಟು ಮಾಡಿಕೊಳ್ಳುವುದೇ ಮರೆತುಹೋಯಿತು. ಅಧಿಕಾರಿ ಕೆಟ್ಟವನೇನಲ್ಲ, ದಾರಿಯನ್ನೂ ತೋರಿಸಿದ. ಈ ದೇಶದ ಪ್ರಜೆಯೊಬ್ಬರು, ಅವಳನ್ನು ಚೆನ್ನಾಗಿ ಬಲ್ಲವರು, ಜಾಮೀನು ಹಾಕಿದರೆ ನೋಡಬಹುದು ಎಂದ.

ಅವಳನ್ನು ಚೆನ್ನಾಗಿ ಬಲ್ಲ ಪ್ರಜೆ ಇದ್ದದ್ದು ಒಬ್ಬನೇ, ದೂರು ಕೊಟ್ಟವನು. ಪಕ್ಕದ ಮನೆಯ ಮುದುಕ, ಬಸ್ ಓಡಿಸಿ ನಿವೃತ್ತನಾದವನು. ಅವಳು ‘ಅಮ್ಮಾ’ ಎಂದು ಶುರುಮಾಡಿದ ಕೂಡಲೇ ಆ ಕಡೆಯಿಂದ ಗೋಡೆಗೆ ಊರುಗೋಲಿನಿಂದ ತಾಳ ಹಾಕುತ್ತಿದ್ದ. ಮುಖ ಸಣ್ಣದು ಮಾಡಿಕೊಂಡು ಅವನ ಬಾಗಿಲಿಗೇ ಹೋಗಿ ವಿಷಯ ಹೇಳಿದಳು. ಮುದುಕ ಪೂರ್ತಿ ಕೇಳುವ ಮೊದಲೇ ಚಪ್ಪಲಿ ಹುಡುಕತೊಡಗಿದ. “ಒಂದು ಸಹಿಗೆ ನಿನ್ನ ಬಾಯಿ ಮುಚ್ಚುತ್ತೆ ಅಂದ್ರೆ ಮೊದಲೇ ಹೇಳ್ಬಾರ್ದಾ ತಾಯಿ?” ಎಂದ.

ಬ್ಯಾಂಕಿನಲ್ಲಿ ಅಧಿಕಾರಿ ಕೇಳಿದ, “ಇವರನ್ನ ಎಷ್ಟು ಚೆನ್ನಾಗಿ ಬಲ್ಲಿರಿ?”

“ಇವಳ ಭಾಷೆ ನಂಗೆ ಒಂದಕ್ಷರ ಬರಲ್ಲ. ಆದ್ರೂ ಇವಳಮ್ಮ ಯಾವತ್ತು ಮುನಿಸ್ಕೊಂಡಿದಾರೆ, ಯಾವತ್ತು ರಾಜಿಯಾದ್ರು, ಎಲ್ಲಾ ಹೇಳಬಲ್ಲೆ.”

“ಸಾಲ ತೀರೋ ಮೊದಲೇ ದೇಶ ಬಿಟ್ಟು ಹೋಗಲ್ಲ ಅಂತ ಏನು ಗ್ಯಾರಂಟಿ?”

“ಹೋಗೋ ಹಾಗಿದ್ರೆ ನಾನ್ಯಾಕಪ್ಪ ಇಲ್ಲಿಗೆ ಬರ್ತಿದ್ದೆ? ಬಾಗಿಲಲ್ಲಿ ನಿಂತು ಟಾಟಾ ಮಾಡ್ತಿದ್ದೆ. ಇವಳು ಎಲ್ಲಿಗೂ ಹೋಗಲ್ಲ. ಅದೇ ನನ್ನ ಕಷ್ಟ.”

ಅವಳು ಇಲ್ಲೇ ಇರುತ್ತಾಳೆ ಎಂದು ಈ ದೇಶದವರೊಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದು ಬೇಸರದಲ್ಲೇ ಆದರೂ ಅವಳು ತನ್ನ ಕುರ್ಚಿಯನ್ನು ಮುದುಕನ ಕಡೆಗೆ ತುಸು ಸರಿಸಿಕೊಂಡಳು.

ಅಧಿಕಾರಿ ಮುದುಕನ ವಿವರಗಳನ್ನು ಕಂಪ್ಯೂಟರಿಗೆ ತುಂಬುತ್ತಾ ಹೋಗಿ ತಟ್ಟನೆ ನಿಲ್ಲಿಸಿದ.

“ಯಜಮಾನ್ರೇ, ನಿಮಗೆ ಎಪ್ಪತ್ತೊಂಬತ್ತು.”

“ಹೌದು.”

“ಸಾಲ ಐದು ವರ್ಷ. ಜಾಮೀನು ಹಾಕಿದೋರು ಅಲ್ಲೀವರೆಗೂ ಇರಬೇಕಾಗುತ್ತೆ.”

“ನಾನೆಲ್ಲಿಗೆ ಹೋಗ್ತೀನಿ? ಹುಟ್ಟಿದ್ದೇ ಇಲ್ಲಿ!”

ಅಧಿಕಾರಿ ಬಹಳ ಮರ್ಯಾದೆಯಿಂದ ಮೇಲೆ ನೋಡಿದ. ಮುದುಕನೂ ನೋಡಿದ. ಮೇಲೆ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಮುದುಕನ ಕಿವಿಗಳು ಕೆಂಪಾದವು. ಹೊರಡುವವಳು ಪಕ್ಕದ ಮನೆಯವಳೊಬ್ಬಳೇ ಎಂದುಕೊಂಡಿದ್ದವನಿಗೆ, ಅದೇ ಸಾಲಿನಲ್ಲಿ ಅವಳಿಗಿಂತ ಮುಂದೆ ತನ್ನನ್ನು ನಿಲ್ಲಿಸಿರುವುದು ಗೊತ್ತಾಯಿತು.

“ಬೇರೆ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ,” ಎಂದು ಅಧಿಕಾರಿ ಕಾಗದಗಳನ್ನು ವಾಪಸು ಸರಿಸಿದ.

ಅವಳು ಎದ್ದಳು. “ಬನ್ನಿ ಅಂಕಲ್. ಇನ್ಮೇಲೆ ಅಮ್ಮನಿಗೆ ಫೋನ್ ಮಾಡೋದು ಕಮ್ಮಿ ಮಾಡ್ತೀನಿ,” ಎನ್ನುವಷ್ಟರಲ್ಲಿ ಅಳು ಬಂತು.

ಮುದುಕ ಏಳಲಿಲ್ಲ. “ಕೂತ್ಕೋ. ಫೋನ್ ತೆಗಿ. ನಿಮ್ಮಮ್ಮಂಗೆ ಮಾಡು.”

“ಇಲ್ಲೇನಾ?”

“ಇಲ್ಲೇ. ಮನೇಲಿ ಮಾತಾಡೋ ಹಾಗೇ ಮಾತಾಡ್ಬೇಕು. ನಾಚ್ಕೊಂಡ್ರೆ ನಾಳೆ ಇನ್ನೊಂದು ದೂರು ಕೊಡ್ತೀನಿ.”

ಅವಳು ಕಣ್ಣೊರೆಸಿಕೊಂಡು ನಂಬರು ಒತ್ತಿದಳು. “ಅಮ್ಮಾ! ನಾನೂ!”

ನೋಟು ಎಣಿಸುತ್ತಿದ್ದವನಿಗೆ ಎಣಿಕೆ ತಪ್ಪಿತು. ಸಾಲಿನಲ್ಲಿದ್ದವರೆಲ್ಲ ತಿರುಗಿದರು, ಕಾವಲಿನವನು ಒಳಗೆ ಓಡಿ ಬಂದ. ಫೋನಿನ ಆ ಕಡೆಯಿಂದ ಅಷ್ಟೇ ಜೋರಾಗಿ, “ಯಾರೂ?” ಎಂದು ಕೇಳಿಸಿತು.

“ನಿನ್ನ ಮಗಳೂ! ಊಟ ಆಯ್ತಾ?”

ಅಧಿಕಾರಿ ಎದ್ದು ನಿಂತು ಎರಡೂ ಕೈ ಆಡಿಸಿದ. “ಮೇಡಂ, ಇದು ಬ್ಯಾಂಕು!”

ಮುದುಕ ಕುರ್ಚಿಗೆ ಆರಾಮಾಗಿ ಒರಗಿ ಕಾಲು ಚಾಚಿದ. “ಪಾಪ, ಅವಳಿಗೆ ಮಾತಾಡೋಕೆ ಬೇರೆ ಜಾಗ ಇಲ್ವಲ್ಲಪ್ಪ. ದಿನಾ ಬರ್ತೀವಿ. ನಾವಿಬ್ರೂ ಇವತ್ತೋ ನಾಳೆಯೋ ಹೊರಡೋ ಜನ. ನೀನು ಪರ್ಮನೆಂಟು ತಾನೇ? ಕೇಳಿಸ್ಕೋ.”