ಅವ್ವನ ಆಣೆ

ಮೂಗು ನೆಲಕ್ಕೆ ಊರಿ ನಿಂತ ವಿಮಾನದಿಂದ ಮಲಕಪ್ಪನನ್ನು ಎಳೆದು ಹುಲ್ಲಿನ ಮೇಲೆ ಮಲಗಿಸುವಷ್ಟರಲ್ಲಿ ಅವ್ವ ಚನ್ನಬಸವ್ವ ಓಡಿ ಬಂದಳು. ಪುಣೆಯ ಆ ಬಯಲಿನ ಮೇಲೆ ಮಗ ಒಬ್ಬನೇ ಹಾರಿದ್ದು ಇವತ್ತೇ ಮೊದಲು.

ಇಳಿಯುವ ಹೊತ್ತಿಗೆ ಎಂಜಿನ್ನಿನ ವೇಗದ ಹಿಡಿಕೆಯಿಂದ ಎಡಗೈ ಯಾಕೆ ತೆಗೆದೆ ಎಂದು ಹಾರಲು ಕಲಿಸುವ ಬಿಳಿ ಸಾಹೇಬ ಹರಕು ಮರಾಠಿಯಲ್ಲಿ ಕೇಳುತ್ತಲೇ ಇದ್ದ. ಅದು ಕಿವಿಗೆ ಬಿದ್ದದ್ದೇ ಚನ್ನಬಸವ್ವ ಮಗನ ತಲೆಯ ಬಳಿ ಕೂತಳು. "ಇಳಿಯೂ ಮುಂದ ಒಮ್ಮೆ ಲಿಂಗಾ ಮುಟ್ಕೋ, ನನ್ನ ಆಣಿ ಅದ" ಎಂದು ಮುಂಜಾನೆ ಹೇಳಿ ಕಳಿಸಿದವಳು ಅವಳೇ.

"ಮುಟ್ಕೊಂಡಿದ್ದಿ ಇಲ್ಲೋ, ಮಲಕಪ್ಪಾ?"

"ಇಲ್ಲ ಯವ್ವಾ, ಮರ್ತಬಿಟ್ಟೆ," ಎಂದ ಅವನು, ಅವಳ ಮುಖ ನೋಡದೆ.

ಅವನ ಕಾಲು ಜಜ್ಜಿ ಹೋಗಿತ್ತು. ಎಡಗೈ ಮಾತ್ರ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದಿತ್ತು. ಸಾಹೇಬ ಬಗ್ಗುವ ಮುಂಚೆ ಚನ್ನಬಸವ್ವ ತನ್ನ ಸೆರಗೆಳೆದು ಆ ಕೈ ಮುಚ್ಚಿದಳು.