ಎರಡು ಕೆಮ್ಮು

ಅವಳ ಕತ್ತರಿ ಬಟ್ಟೆಯ ಅರ್ಧ ದಾಟಿದ್ದಾಗ ಬೆನ್ನ ಹಿಂದೆ ಗುಂಡಿಗಳ ಡಬ್ಬಿ ಢಣಾರೆಂದು ಬಿತ್ತು. ಹೊಲಿಗೆ ಅಂಗಡಿಯ ಯಂತ್ರಗಳೆಲ್ಲ ಗಪ್ಪನೆ ನಿಂತವು. ಡಬ್ಬಿ ಬೀಳಿಸಿದ ನಾದಿನಿ, "ಅತ್ತಿಗೆ, ಕೂತ್ಕೊಳ್ಳಿ, ನೀರು ತರ್ತೀನಿ" ಎಂದು ಓಡಿದಳು.

ಅವಳು ಕತ್ತರಿ ಹಿಡಿದೇ ಕಾದಳು. ಇಷ್ಟು ವರ್ಷ ಇಂಥ ಸದ್ದಿಗೆ, ಕೆಲವೊಮ್ಮೆ ಸದ್ದೇ ಇಲ್ಲದೆ, ಎದೆ ನಗಾರಿಯಾಗಿ ಕೈ ಗಡಗಡ ನಡುಗುತ್ತಿತ್ತು. ಮನೆಯವರು ಪುಕ್ಕಲಿ ಎಂದರು, ವೈದ್ಯರು ಮನಸ್ಸಿನ ಗಾಬರಿ ಎಂದು ಮಾತ್ರೆ ಕೊಟ್ಟರು. ಅವಳೂ ಅದನ್ನೇ ನಂಬಿ, ಕತ್ತರಿ ಬಿಟ್ಟು ಅಂಚು ಹೊಲಿಯುತ್ತ ಕೂತಿದ್ದಳು. ಕೊನೆಗೆ ಹೊಸ ವೈದ್ಯೆಯೊಬ್ಬರು ಮೂತ್ರಪಿಂಡದ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗೆಡ್ಡೆ ಕಂಡುಹಿಡಿದರು; ಗಾಬರಿಯ ರಸವನ್ನು ರಕ್ತಕ್ಕೆ ಸುರಿಯುತ್ತಿದ್ದದ್ದು ಅದೇ. ಅದನ್ನು ತೆಗೆಸಿದ ಮೇಲೆ ಅವಳು ಕತ್ತರಿ ಹಾಕಿದ ಮೊದಲ ಬಟ್ಟೆ ಇದು.

ಎದೆ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಅವಳು ಸೀಮೆಸುಣ್ಣದ ಗೆರೆ ಹಿಡಿದು ಕೊನೆಯವರೆಗೂ ಕತ್ತರಿಸಿದಳು. "ನಮ್ಮ ಪುಕ್ಕಲಿ ಎಲ್ಲಿ ಹೋದ್ಲು?" ಎಂದರು ಅತ್ತೆ, ಕನ್ನಡಕ ಮೇಲೇರಿಸಿ. "ಬಾಟಲಿಲಿ ಹಾಕಿ ಲ್ಯಾಬಿಗೆ ಕಳಿಸಿದ್ರಲ್ಲ ಅತ್ತೆ, ಅವಳೇ ಪುಕ್ಕಲಿ" ಎಂದು, ನಾದಿನಿ ತಂದ ನೀರನ್ನು ಅವಳಿಗೇ ಕುಡಿಸಿದಳು. ಅಂಗಡಿಗೆ ಅಂಗಡಿಯೇ ನಕ್ಕಿತು.

ಅಷ್ಟರಲ್ಲಿ ಬಾಗಿಲಾಚೆ ಯಾರೋ ಎರಡು ಸಲ ಕೆಮ್ಮಿದರು. ಗಂಡ. ಅವಳು ಬೆಚ್ಚಿಬೀಳಬಾರದೆಂದು ಇಷ್ಟು ವರ್ಷವೂ ಅವನು ಹೀಗೆ ಕೆಮ್ಮಿಯೇ ಒಳಗೆ ಬರುತ್ತಿದ್ದ. ಇನ್ನು ಅದರ ಅಗತ್ಯವಿಲ್ಲ ಎಂಬುದೊಂದನ್ನು ಮಾತ್ರ ಅವನಿಗೆ ಹೇಳಬಾರದು ಎಂದುಕೊಂಡು, ಅವಳು ಮುಂದಿನ ಬಟ್ಟೆಯನ್ನು ಬಿಡಿಸಿ ಹಾಸಿದಳು.