ದಾನಿಗಳ ಗಂಟೆ

ಭಾನುವಾರ ಬೆಳಗಾದರೆ ಧಾರವಾಡದ ಆ ಕಾಲೇಜಿನ ಹಾಸ್ಟೆಲಿನಲ್ಲಿ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸುತ್ತಿದ್ದರು. ಅದು ದಾನಿಗಳ ಗಂಟೆ. ಬಡ ಹುಡುಗಿಯರ ಫೀ ಕಟ್ಟುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯಲ್ಲೇ ಕೂತು, ಆ ಹುಡುಗಿಯರ ಕಣ್ಣು ಕಿವಿಗಳೊಳಗೆ ಇಳಿದು, ಅವುಗಳಿಂದಲೇ ನೋಡುತ್ತ ಕೇಳುತ್ತ, ತಮ್ಮ ಹರೆಯದ ಕಾಲೇಜನ್ನು ಸುತ್ತಿಬರುತ್ತಿದ್ದರು. ನಡುವೆ ಕನ್ನಡಿಯಲ್ಲಿ ಬೇರೆ ಯಾರದೋ ಮುಖ ಕಂಡು ಅವರ ಖುಷಿ ಕೆಡಬಾರದಲ್ಲ, ಅದಕ್ಕೇ ಬಟ್ಟೆ. ಒಮ್ಮೆ ಇಳಿದವರು ಗಂಟೆ ಮುಗಿಯುವ ತನಕ ಹೊರಗೆ ಬರುವಂತಿರಲಿಲ್ಲ.

ದುರಗವ್ವನ ದಾನಿ ದೇಸಾಯರು. ಅವರಿಗಾಗಿ ಎರಡು ವರ್ಷದಿಂದ ಅವಳು ಅದೇ ಆಲದ ಮರ, ಅದೇ ಕ್ರಿಕೆಟ್ ಮೈದಾನ ನೋಡಿದ್ದಳು, ಬೇಸರಿಸಿರಲಿಲ್ಲ. ಆದರೆ ಹೋದ ವಾರ ಅವರು ಆಫೀಸಿಗೆ ಹೇಳಿಕಳಿಸಿದ್ದರು: ನಡುನಡುವೆ ಹುಡುಗಿಯ ಬಳೆಗಳು ಕಾಣುತ್ತವೆ, ಮಜಾ ಹೋಗುತ್ತದೆ, ತೆಗೆಸಿ.

ಇವತ್ತು ದೇಸಾಯರು ಬಂದ ಗುಂಯ್ ಸದ್ದು ಕಿವಿಯಲ್ಲಿ ಕೇಳಿದ್ದೇ ತಡ, ಕೈತುಂಬ ಹಸಿರು ಬಳೆ ತೊಟ್ಟಿದ್ದ ದುರಗವ್ವ ನೆಟ್ಟಗೆ ಕನ್ನಡಿಯ ಹತ್ತಿರ ಹೋದಳು.

"ಏ ಹುಡುಗಿ, ಹುಚ್ಚ ಹಿಡದೈತೇನ?" ವಾರ್ಡನ್ ಶಕುಂತಲಾಬಾಯಿ ಓಡಿಬಂದರು. "ಫೀ ನಿಂತ್ರ ನಾಳೆ ಗಂಟುಮೂಟಿ ಕಟ್ಟಬೇಕಾಗ್ತೈತಿ!"

"ಕಟ್ಟತೇನ್ರೀ ಬಾಯಾರ. ಮೊದಲ ಮಾರಿ ತೋರಸ್ತೇನಿ, ಆಮ್ಯಾಲೆ ಕಟ್ಟತೇನಿ."

ಬಟ್ಟೆಯನ್ನು ಸರ್ರನೆ ಎಳೆದು ಬಿಸಾಡಿದಳು. ಕನ್ನಡಿಯೊಳಗಿನ ಕಣ್ಣುಗಳನ್ನೇ ದಿಟ್ಟಿಸಿದಳು.

"ನಮಸ್ಕಾರ್ರೀ ದೇಸಾಯರ. ನಾ ದುರಗವ್ವ. ಇಲ್ಲೆ ಓದಾಕತ್ತಾಕಿ ನಾನರೀ, ನೀವಲ್ಲ."

ಗಂಟೆ ಮುಗಿಯಲು ಇನ್ನೂ ಬಹಳ ಹೊತ್ತಿತ್ತು. ಬಳೆಗಳು ಘಲ್ಲೆನ್ನುವಂತೆ ಕುರ್ಚಿ ಎಳೆದುಕೊಂಡು ಅವಳು ಕನ್ನಡಿಯ ಎದುರಿಗೇ ಕೂತಳು.